ಹಿಂದಿನ ನಿರಿಗೆ

ಒಳಗೆ ಏನು ಹಾಕಿಕೊಂಡಿದ್ದೀರಿ ಎಂದು ದಯವಿಟ್ಟು ಕೇಳಬೇಡಿ. ಏಳು ವರ್ಷದಿಂದ ಅದೊಂದೇ ಪ್ರಶ್ನೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ಹಾಲು ತರಲು ಡೈರಿಗೆ ಹೋದರೆ ಅಂಗಡಿಯವಳು ಕೇಳುತ್ತಾಳೆ. ಆಸ್ಪತ್ರೆಯ ಲಿಫ್ಟಿನಲ್ಲಿ ಸಿಕ್ಕ ಸರ್ಜನ್ ಕೇಳುತ್ತಾನೆ. ಹಲ್ಲಿನ ಡಾಕ್ಟರಂತೂ ಎರಡೂ ಕೈಯನ್ನು ನನ್ನ ಬಾಯೊಳಗೆ ಇಟ್ಟುಕೊಂಡೇ ಕೇಳಿದ, ನಾನು ಹೇಗೆ ಉತ್ತರ ಕೊಡಲಿ? ಕೇಳುವವರೆಲ್ಲ ಈ ತಮಾಷೆ ಭೂಮಿಯ ಮೇಲೆ ಮೊದಲ ಸಲ ತಮಗೇ ಹೊಳೆಯಿತು ಎಂಬಂತೆ ಮುಖ ಮಾಡುತ್ತಾರೆ. ಚಡ್ಡಿ ಸ್ವಾಮಿ, ಚಡ್ಡಿ. ನ್ಯೂಜಿಲೆಂಡಿನ ಈ ಡನೀಡಿನ್ನಿನ ದಕ್ಷಿಣದ ಗಾಳಿಯಲ್ಲಿ ಚಡ್ಡಿಯಿಲ್ಲದೆ ಮೆರವಣಿಗೆ ಹೊರಡಲು ನನಗೇನು ಹುಚ್ಚೇ?

ನಮ್ಮ ಕನ್ನಡದವರು ಅದನ್ನು ಕೇಳುವುದಿಲ್ಲ. ಅವರು ನೇರವಾಗಿ ಲಂಗ ಎನ್ನುತ್ತಾರೆ. ಲಂಗ ಒಗೆದು ಹಾಕಿದ್ದೀರಾ, ಲಂಗಕ್ಕೆ ಇಸ್ತ್ರಿ ಆಯಿತಾ, ಜಂಪರು ಯಾವಾಗ ಹೊಲಿಸುತ್ತೀರಿ. ಇದಕ್ಕೂ ಏಳು ವರ್ಷವೇ ಆಯಿತು. ಒಂದು ತಮಾಷೆಗೆ ಇನ್ನೆಷ್ಟು ಆಯುಷ್ಯವಿದೆಯೋ!

ಇರಲಿ. ಈ ಊರಿನಲ್ಲಿ ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರ ಮೊಣಕಾಲುದ್ದದ ಉಡುಪು, ಉಡುವ ಕನ್ನಡಿಗ, ನನಗೆ ಗೊತ್ತಿರುವ ಮಟ್ಟಿಗೆ, ನಾನೊಬ್ಬನೇ. ಊರಿನ ಒಂದು ಬ್ಯಾಗ್‌ಪೈಪ್ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುತ್ತೇನೆ, ಅದಕ್ಕೇ ಉಡುತ್ತೇನೆ. ಆ ಬಟ್ಟೆಯಿಂದ ನನಗೆ ಹದಿನೈದು ಸ್ನೇಹಿತರು ಸಿಕ್ಕರು. ಇದ್ದ ಒಬ್ಬ ಸ್ನೇಹಿತ ಕೈಬಿಟ್ಟು ಹೋದ. ಬರೆಯಬೇಕಾಗಿರುವುದು ಆ ಒಬ್ಬನ ಬಗ್ಗೆ.

ಅವನೂ ನಾನೂ ಹುಬ್ಬಳ್ಳಿಯ ಒಂದೇ ನರ್ಸಿಂಗ್ ಕಾಲೇಜಿನವರು. ಇಡೀ ಬ್ಯಾಚಿನಲ್ಲಿ ಗಂಡುಹುಡುಗರು ನಾಲ್ಕೇ ಜನ. ವಾರ್ಡಿನಲ್ಲಿ ಯಾರಾದರೂ ಬ್ರದರ್ ಎಂದು ಕೂಗಿದರೆ ಇಬ್ಬರೂ ಒಟ್ಟಿಗೇ ತಿರುಗಿ ನೋಡುತ್ತಿದ್ದೆವು. ಡನೀಡಿನ್ನಿಗೂ ಒಂದೇ ವರ್ಷ ಬಂದೆವು. ಮೊದಲ ಚಳಿಗಾಲ ಗುಡ್ಡದ ಮೇಲಿನ ಒಂದು ಮುರುಕು ಫ್ಲ್ಯಾಟಿನಲ್ಲಿ ಇಬ್ಬರಿಗೂ ಸೇರಿ ಒಂದೇ ಹೀಟರು. ಡ್ಯೂಟಿ ಮುಗಿಸಿ ಬಂದು ಮಲಗುವವನ ಕೋಣೆಗೆ ಆ ಹೀಟರು ಹೋಗಬೇಕು, ಇನ್ನೊಬ್ಬ ಕಂಬಳಿ ಹೊದ್ದು ಅಡುಗೆಮನೆಯಲ್ಲಿ ಕೂರಬೇಕು ಎಂದು ಒಪ್ಪಂದ. ಮುಂದೆ ಇಬ್ಬರ ಹೆಂಡಂದಿರೂ ಬಂದರು, ಮಕ್ಕಳಾದವು, ಬೇರೆ ಬೇರೆ ಮನೆಗಳಾದವು. ಆದರೂ ಭಾನುವಾರ ಮಧ್ಯಾಹ್ನ ಅವನ ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಎಂಬುದು ತಪ್ಪುತ್ತಿರಲಿಲ್ಲ. ನನಗೆ ಅಣ್ಣತಮ್ಮಂದಿರಿಲ್ಲ. ಆ ಕೊರತೆ ಅವನಿದ್ದಷ್ಟು ದಿನ ನನಗೆ ಗೊತ್ತಾಗಲಿಲ್ಲ.

ಅವನಲ್ಲಿ ಒಂದು ವಿದ್ಯೆ ಇತ್ತು. ಧೋತ್ರ ಉಡಿಸುವ ವಿದ್ಯೆ. ಪ್ಯಾಂಟು ಬಿಟ್ಟು ಬೇರೇನೂ ಗೊತ್ತಿಲ್ಲದ ಮದುಮಕ್ಕಳನ್ನು ನಿಲ್ಲಿಸಿ, ಬೆರಳಿನಿಂದ ಸರಸರ ನಿರಿಗೆ ಹಿಡಿದು, ಹೊಕ್ಕುಳ ಹತ್ತಿರ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಾಲ ನಡುವಿನಿಂದ ಹಿಂದೆ ತಂದು ಕಚ್ಚೆ ಹಾಕಿ, ಬೆನ್ನ ಮೇಲೆ ಒಂದು ಏಟು ಕೊಟ್ಟು ಕಳಿಸುತ್ತಿದ್ದ. ಆ ಧೋತ್ರ ಉಟ್ಟು ಓಡಿದರೂ ಬಿಚ್ಚುತ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೂ ಯುಗಾದಿ, ದೀಪಾವಳಿ ಬಂದರೆ ಡಾಕ್ಟರು, ಎಂಜಿನಿಯರು ಎಲ್ಲರೂ ಸಮುದಾಯ ಭವನದ ಹಿಂದಿನ ಕೋಣೆಯಲ್ಲಿ ಅವನೆದುರು ಸಾಲಾಗಿ ನಿಲ್ಲುತ್ತಿದ್ದರು. ಆಗ ಅವನ ಮುಖ ನೋಡಬೇಕಿತ್ತು. ಆ ಅರ್ಧ ಗಂಟೆ ಅವನೇ ಹಿರಿಯ ಸರ್ಜನ್.

ಬ್ಯಾಂಡಿಗೆ ನನ್ನನ್ನು ಎಳೆದವನು ನಮ್ಮ ಪಕ್ಕದ ಮನೆಯವನು. ಆಸ್ಪತ್ರೆಯಲ್ಲಿ ರೋಗಿಗಳ ಮಂಚ ತಳ್ಳುವ ಕೆಲಸ, ಆರೂವರೆ ಅಡಿ ಎತ್ತರ, ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಅವನದೇ. ಒಂದು ದಿನ ಕಸದ ಡಬ್ಬಿ ಹೊರಗಿಡುವಾಗ ಅದರ ಮುಚ್ಚಳದ ಮೇಲೆ ನಾನು ಬೆರಳಾಡಿಸಿದ್ದು ಅವನ ಕಿವಿಗೆ ಬಿತ್ತು. ಶಾಲೆಯಲ್ಲಿ ಎನ್‌ಸಿಸಿ ಬ್ಯಾಂಡಿನಲ್ಲಿ ಕಲಿತದ್ದು ಎಂದೆ. ಎರಡು ವಾರದಲ್ಲಿ ನಾನು ಬ್ಯಾಂಡಿನವರು ಅಭ್ಯಾಸ ಮಾಡುವ ಹಾಲ್‌ನಲ್ಲಿದ್ದೆ. ಈ ದೇಶಕ್ಕೆ ಬಂದು ಆಗ ಒಂಬತ್ತು ವರ್ಷ. ಅಷ್ಟು ವರ್ಷದಲ್ಲಿ ಇಲ್ಲಿಯ ಒಬ್ಬನೇ ಒಬ್ಬನೂ ತನ್ನ ಮನೆಯೊಳಗೆ ನನ್ನನ್ನು ಕರೆದಿರಲಿಲ್ಲ. ಕೆಟ್ಟವರೆಂದಲ್ಲ, ತುಂಬ ನಗುಮುಖದವರು, ಆದರೆ ಆ ನಗು ಗೇಟಿನ ತನಕ ಮಾತ್ರ.

ಮೊದಲ ಮೆರವಣಿಗೆಯ ದಿನ ಬ್ಯಾಂಡಿನವರು ಕಿಲ್ಟ್ ಕೊಟ್ಟು, ಮನೆಯಲ್ಲೇ ಉಟ್ಟು ಬಾ ಎಂದಿದ್ದರು. ಎಂಟು ಗಜದ ಉಣ್ಣೆ, ಬೆಲ್ಟಿಗಿರುವಂಥ ಮೂರು ಬಕ್ಕಲು, ಒಂದು ಕಡೆ ಪೂರ್ತಿ ನಿರಿಗೆ, ಇನ್ನೊಂದು ಕಡೆ ಸಪಾಟು. ನಾನು ಹಾಸಿಗೆಯ ಮೇಲೆ ಹರಡಿ ಕಂಗಾಲಾಗಿ ನಿಂತೆ. ಹೆಂಡತಿ ಫೋನ್ ಮಾಡಿದ್ದು ಮತ್ಯಾರಿಗೆ? ಅವನು ಸೇಫ್ಟಿಪಿನ್ನಿನ ಡಬ್ಬಿ ಹಿಡಿದುಕೊಂಡೇ ಬಂದ. ಒಂದು ಸಲ ನೋಡಿದ, ಅಷ್ಟೇ.

"ನಿರಿಗಿ ಐತಲ್ಲೋ, ಮತ್ತೇನ್ ಕೇಳ್ತಿ. ನಿರಿಗಿ ಮುಂದ ಬರಬೇಕು. ನಿಂದರ್ ಸುಮ್ನ."

ಅನುಮಾನ ಪಡಲು ನನಗಾದರೂ ಯಾವ ಕಾರಣ? ಅಜ್ಜನಿಂದ ಹಿಡಿದು ನಾನು ನೋಡಿದ ಪ್ರತಿಯೊಬ್ಬ ಗಂಡಸಿಗೂ, ಸೀರೆಯುಟ್ಟ ಪ್ರತಿಯೊಬ್ಬ ಹೆಂಗಸಿಗೂ ನಿರಿಗೆ ಮುಂದೆಯೇ ಇತ್ತು. ಹಿಂದೆ ನಿರಿಗೆ ಹಾಕಿಕೊಂಡು ತಿರುಗುವ ಜನ ಜಗತ್ತಿನಲ್ಲಿದ್ದಾರೆ ಎಂದು ನಾವು ಇಬ್ಬರು ಎಲ್ಲಿ ಕಲಿಯಬೇಕಿತ್ತು? ಬಕ್ಕಲುಗಳು ವಿಚಿತ್ರ ಜಾಗಕ್ಕೆ ಬಂದವು. ಹೊಲಿದವನು ತಪ್ಪು ಮಾಡಿದ್ದಾನೆ ಎಂದು ಅವನು ತೀರ್ಪು ಕೊಟ್ಟು ಎರಡು ಪಿನ್ನು ಹಾಕಿದ. ಬೆನ್ನ ಮೇಲೆ ಒಂದು ಏಟು ಕೊಟ್ಟ. ನಾನು ಹೋದೆ.

ಹಾಲಿನಲ್ಲಿ ಬ್ಯಾಂಡಿನ ಯಜಮಾನ, ಎಪ್ಪತ್ತು ದಾಟಿದ ಮುದುಕ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಗೂ, ನೀನು ಬರುತ್ತಿದ್ದೀಯೋ ಹೋಗುತ್ತಿದ್ದೀಯೋ ಎಂದು ಕೇಳಿದ. ಆಮೇಲೆ ಇಡೀ ಹಾಲ್ ನಕ್ಕಿತು ನೋಡಿ. ಒಬ್ಬ ಪೈಪನ್ನು ನೆಲಕ್ಕಿಟ್ಟು ಗೋಡೆ ಹಿಡಿದು ನಕ್ಕ. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಆ ಸಂಕಟದಲ್ಲಿ ನನ್ನ ಬಾಯಿಂದ ಮಾತು ಹೊರಬಿತ್ತು. ನಾನಲ್ಲ, ನನ್ನ ಸ್ನೇಹಿತ ಉಡಿಸಿದ್ದು, ನಮ್ಮ ಊರಿನಲ್ಲಿ ಅವನೇ ಇದರ ಪಂಡಿತ ಎಂದೆ. ನಗು ನನ್ನ ಮೇಲಿಂದ ಎದ್ದು ಹೋಗಿ ಅವನ ಮೇಲೆ ಕೂತಿತು. ಅವನು ಅಲ್ಲಿರಲಿಲ್ಲ. ನಾನೂ ಅವರ ಜೊತೆ ನಕ್ಕೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಇಲ್ಲಿಯ ಜನರ ನಗುವಿನ ಒಳಗಡೆ ನಾನಿದ್ದೆ. ಎಷ್ಟು ಬೆಚ್ಚಗಿತ್ತು ಅಂತೀರಿ.

ಅಲ್ಲಿಂದ ಎಲ್ಲ ಬಾಗಿಲೂ ತೆರೆದವು. ಮೆರವಣಿಗೆ ಮುಗಿದು ನಡೆದು ಬರುವಾಗ ಗುರುತಿಲ್ಲದವರು ಕೈಕುಲುಕಿದರು. ಯಜಮಾನನ ಮನೆಗೆ ಊಟಕ್ಕೆ ಕರೆ ಬಂತು. ಪಕ್ಕದ ಮನೆಯವನು ಸಮುದ್ರದ ದಡದ ತನ್ನ ಬ್ಯಾಚಿಗೆ, ಅಂದರೆ ರಜೆಯ ಗುಡಿಸಲಿಗೆ, ಹಿಂದೆ ಸಾಮಾನು ತುಂಬುವ ಯೂಟ್ ಗಾಡಿಯಲ್ಲಿ ಕರೆದುಕೊಂಡು ಹೋದ. ಒಂಬತ್ತು ವರ್ಷ ಪ್ಯಾಂಟು ಹಾಕಿಕೊಂಡು ಇದೇ ಮನುಷ್ಯ ಇದೇ ಬೀದಿಯಲ್ಲಿ ತಿರುಗಿದಾಗ ಇವರೆಲ್ಲ ಎಲ್ಲಿ ಹೋಗಿದ್ದರು ಎಂದು ಸಿಟ್ಟೂ ಬಂತು. ಬಟ್ಟೆಯ ಜೊತೆಗೋ ನನ್ನ ಜೊತೆಗೋ ಈ ಸ್ನೇಹ? ಸಿಟ್ಟು ಬಂದರೂ ಹೋಗುವುದನ್ನೇನೂ ಬಿಡಲಿಲ್ಲ. ಹೋದಲ್ಲೆಲ್ಲ ಆ ನಿರಿಗೆಯ ಕಥೆ ಹೇಳು ಎನ್ನುತ್ತಿದ್ದರು. ಹೇಳುತ್ತಿದ್ದೆ. ಹೇಳಿದ ಹಾಗೆ ಕಥೆ ಬೆಳೆಯಿತು. ಮೂರನೆಯ ಸಲವೋ ನಾಲ್ಕನೆಯ ಸಲವೋ, ನನ್ನ ಸ್ನೇಹಿತ ಮೊಣಕಾಲೂರಿ ಕೂತು ಕಿಲ್ಟಿನ ತುದಿಯನ್ನು ನನ್ನ ಕಾಲ ನಡುವಿನಿಂದ ಎಳೆದು ಕಚ್ಚೆ ಹಾಕಲು ನೋಡಿದ, ಅರ್ಧ ಗಂಟೆ ಗುದ್ದಾಡಿದ ಎಂದು ಸೇರಿಸಿದೆ. ಅದು ಶುದ್ಧ ಸುಳ್ಳು. ಆದರೆ ಜನ ಬಿದ್ದು ಬಿದ್ದು ನಕ್ಕದ್ದು ಅಲ್ಲಿಯೇ.

ಅವನು ಮಾಡಿದ್ದೇನು ಗೊತ್ತೇ? ಮೊದಲ ದಿನದ ಸಂಗತಿ ಹೇಳಿದಾಗ ಮುಖ ಸಣ್ಣದು ಮಾಡಿಕೊಂಡ. ಆ ವಾರವೆಲ್ಲ ಫೋನಿನಲ್ಲಿ ವಿಡಿಯೊ ನೋಡಿ ಕಿಲ್ಟ್ ಉಡಿಸುವುದನ್ನು ಕಲಿತ. ಮುಂದಿನ ಮೆರವಣಿಗೆಗೆ ಇಸ್ತ್ರಿಪೆಟ್ಟಿಗೆ ತಂದು, ನಿರಿಗೆಗಳಿಗೆ ಕಚ್ಚಾ ಹೊಲಿಗೆ ಹಾಕಿ, ಒತ್ತಿ, ದಾರ ಬಿಚ್ಚಿ ಉಡಿಸಿದ. ಆಮೇಲೆ ಹಿಂದೆ ಹೋಗಿ ನಿಂತು ನೋಡಿದ. ಧೋತ್ರದ ನಿರಿಗೆ ಉಟ್ಟವನಿಗೇ ಕಾಣುತ್ತದೆ, ಇದರ ನಿರಿಗೆ ಉಟ್ಟವನಿಗೆ ಕಾಣುವುದಿಲ್ಲ, ಹಿಂದೆ ನಿಂತು ಇನ್ನೊಬ್ಬ ನೋಡಬೇಕು, ಇದು ಒಬ್ಬನ ಕೈಲಾಗುವ ಬಟ್ಟೆಯಲ್ಲ ಎಂದ. ಅಲ್ಲಿಂದ ಪ್ರತಿ ಮೆರವಣಿಗೆಯ ಬೆಳಿಗ್ಗೆಯೂ ಬರುತ್ತಿದ್ದ. ಎಡಕ್ಕೆ ಒಂದು ಬಟ್ಟು, ಬಲಕ್ಕೆ ಅರ್ಧ ಬಟ್ಟು ಎಂದು ಬಟ್ಟಿನ, ಅಂದರೆ ಬೆರಳಗಲದ, ಲೆಕ್ಕದಲ್ಲಿ ಸರಿಸಿ ಕಳಿಸುತ್ತಿದ್ದ. ಅವನು ಸರಿ ಮಾಡಿದ ಅದೇ ನಿರಿಗೆ ಹಾಕಿಕೊಂಡು ಹೋಗಿ ನಾನು ಅವನ ಕಥೆ ಹೇಳಿ ನಗಿಸುತ್ತಿದ್ದೆ. ಬರೆಯುವಾಗ ಕೈ ನಾಚುತ್ತದೆ, ಆಗ ನಾಲಗೆ ನಾಚಲಿಲ್ಲ.

ಆ ವರ್ಷದ ಯುಗಾದಿಗೆ ನಮ್ಮವರು ನನ್ನನ್ನು ಹಿಡಿದುಕೊಂಡರು. ಒಬ್ಬ ಆಂಟಿ, ಏನಾದರೂ ಹರಕೆ ಹೊತ್ತಿದ್ದೀರೇನು ಎಂದು ಮೃದುವಾಗಿ ವಿಚಾರಿಸಿದರು. ಒಬ್ಬ ಅಂಕಲ್, ಧೋತ್ರ ಉಟ್ಟು ಇಲ್ಲಿಯ ಬೀದಿಗಿಳಿಯಲು ನಿನಗೆ ನಾಚಿಕೆ, ಆ ಲಂಗಕ್ಕೆ ನಾಚಿಕೆ ಇಲ್ಲವೇ ಎಂದರು. ಅದು ಚುಚ್ಚಿತು, ಯಾಕೆಂದರೆ ನಿಜವಾಗಿತ್ತು. ಧೋತ್ರ ಉಟ್ಟು ನಾನು ಕಾರ್ ಪಾರ್ಕಿಂಗಿನಾಚೆ ಕಾಲಿಟ್ಟವನಲ್ಲ. ಅಷ್ಟರಲ್ಲಿ ಗೆಳೆಯ ಹಿಂದಿನ ಕೋಣೆಯಿಂದ ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಹೊರಗೆ ಬಂದ.

"ಅಂವ ಏನರೆ ಉಟ್ಕೊಳ್ಳಿ ಅಂಕಲ್. ನಿಮ್ಮ ಮನಿ ಸೀರಿ ಏನ್ ಉಟ್ಟಿಲ್ಲಲ್ಲ."

ಅಂಕಲ್ ಊಟದ ಸಾಲಿನ ಕಡೆ ನಡೆದರು. ನನಗಾಗಿ ಅವನು ಹಾಗೆ ನಿಂತದ್ದು ಅದೇ ಕೊನೆ.

ಕೆಲವೇ ತಿಂಗಳಲ್ಲಿ ಭಾನುವಾರದ ರೊಟ್ಟಿ ನಿಂತಿತು. ಒಂದು ವಾರ ಡ್ಯೂಟಿ, ಇನ್ನೊಂದು ವಾರ ಮಗನಿಗೆ ಜ್ವರ, ಮತ್ತೊಂದು ವಾರ ಏನೂ ಹೇಳಲಿಲ್ಲ. ಮೆರವಣಿಗೆಯ ಬೆಳಿಗ್ಗೆ ಬರುವುದನ್ನೂ ಬಿಟ್ಟ. ನಾನು ಮನೆಯಲ್ಲಿ ಕೂತು ಹಾರಾಡಿದೆ. ಎಲ್ಲ ಆ ಬಟ್ಟೆಯ ಹೊಟ್ಟೆಕಿಚ್ಚು, ನಮ್ಮ ಜನರ ಹಣೆಬರಹವೇ ಇಷ್ಟು, ಒಬ್ಬ ನಾಲ್ಕು ಜನರ ಜೊತೆ ಬೆರೆತರೆ ಇವರಿಗೆ ತಡೆಯುವುದಿಲ್ಲ ಎಂದೆ. ಅವನೂ ಕೊನೆಗೆ ಅಂಕಲ್‌ಗಳ ಪೈಕಿಯೇ ಸೇರಿದ ಎಂದೆ. ಹೆಂಡತಿ ಹಾಗಲಕಾಯಿ ಹೆಚ್ಚುತ್ತಾ, "ಹೋಗಿ ಕೇಳಬಾರದೇನ್ರಿ" ಎಂದಳು. ನಾನ್ಯಾಕೆ ಕೇಳಲಿ ಎಂದೆ. ಹೀಗೆ ಒಂದು ವರ್ಷದ ಮೇಲಾಯಿತು. ಎಂಥ ಮೊಂಡತನ ನೋಡಿ ನನ್ನದು.

ಅವನು ಹೊಸ ಮನೆ ಕೊಂಡಾಗ ಗೃಹಪ್ರವೇಶದ ಕರೆ ವಾಟ್ಸಾಪ್ ಗುಂಪಿನಲ್ಲಿ ಬಂತು. ಎಲ್ಲರಿಗೂ ಹಾಕಿದ ಹಾಗೆ ನನಗೂ. ಅದೇ ಬೆಳಿಗ್ಗೆ ಬ್ಯಾಂಡಿನ ಕಾರ್ಯಕ್ರಮವಿತ್ತು, ಮನೆಗೆ ಹೋಗಿ ಬಟ್ಟೆ ಬದಲಿಸಿದರೆ ಊಟವೂ ಮುಗಿಯುತ್ತದೆ. ಕಿಲ್ಟಿನಲ್ಲೇ ಹೋದೆ. ಸುಳ್ಳೇಕೆ, ಸ್ವಲ್ಪ ಹಟವೂ ಇತ್ತು. ಬಾಗಿಲಲ್ಲಿ ಅವನು ಧೋತ್ರ ಉಟ್ಟು ನಿಂತಿದ್ದ. ಬಾರಲೇ ಎಂದೇ ಇಪ್ಪತ್ತು ವರ್ಷ ಕರೆದವನು ಅಂದು ಬರ್ರಿ ಎಂದ, ಕುಂದರ್ರಿ ಎಂದ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ರಿ ಎಂದ. ಒಂದೇ ಹೋಳಿಗೆ ತಿಂದು ಎದ್ದೆ. ಮನೆಗೆ ಬರುವ ದಾರಿಯುದ್ದಕ್ಕೂ ಆ ಕಿಲ್ಟಿಗೆ ಶಾಪ ಹಾಕಿದೆ. ಪಾಪ, ಅದೇನು ಮಾಡಿತ್ತು!

ಮುಂದಿನ ಚಳಿಗಾಲದಲ್ಲಿ ಅವನು ದೂರದ ಉತ್ತರ ದ್ವೀಪದ ಪೊರಿರುವಾ ಊರಿನಲ್ಲಿ ಕೆಲಸ ಹಿಡಿದ. ಅದನ್ನೂ ಬೇರೆಯವರಿಂದ ಕೇಳಿದೆ. ಅವನ ವಾರ್ಡಿನಲ್ಲಿ ಬೀಳ್ಕೊಡುಗೆ, ಮಧ್ಯಾಹ್ನದ ಚಹಾದ ಹೊತ್ತಿಗೆ. ನನ್ನ ಡಯಾಲಿಸಿಸ್ ವಾರ್ಡಿನಿಂದ ಹತ್ತು ನಿಮಿಷ ಬಿಡುವು ಮಾಡಿಕೊಂಡು ಹೋದೆ. ಸ್ಟಾಫ್ ರೂಮಿನಲ್ಲಿ ಹದಿನೈದು ಇಪ್ಪತ್ತು ಜನ, ನಡುವೆ ಮೇಜಿನ ಮೇಲೆ ದೊಡ್ಡ ಕೇಕು. ಕೇಕಿನ ಮೇಲೆ ನೀಲಿ ಸಕ್ಕರೆಯಲ್ಲಿ, ಹೋಗಿ ಬಾ ಪ್ಲೀಟ್ಸ್ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಪ್ಲೀಟ್ಸ್ ಎಂದರೆ ನಿರಿಗೆ.

ನನಗೆ ಮೊದಲು ಅರ್ಥವಾಗಲಿಲ್ಲ. ನಮ್ಮ ಪಕ್ಕದ ಮನೆಯವನು ಅಲ್ಲೇ ಇದ್ದ, ಗೆಳೆಯನ ಭುಜದ ಮೇಲೆ ಕೈ ಹಾಕಿ ಪ್ರೀತಿಯಿಂದಲೇ ಹಾಗೆ ಕೂಗುತ್ತಿದ್ದ. ಮಂಚ ತಳ್ಳುವವನು ಹೋಗದ ವಾರ್ಡು ಯಾವುದು? ಹೋದಲ್ಲೆಲ್ಲ ಕಥೆ ಹೋಗಿತ್ತು. ಹೊಸದಾಗಿ ಸೇರಿದ ಒಬ್ಬ ಹುಡುಗಿ, ನಿಮ್ಮ ನಿಜವಾದ ಹೆಸರು ಬೇರೆ ಇದೆಯೇ ಎಂದು ಅವನನ್ನು ಕೇಳಿದಳು. ಇನ್ನೊಬ್ಬರು ಕಚ್ಚೆ ಹಾಕಿದ್ದನ್ನು ಅಭಿನಯಿಸಿ ತೋರಿಸಿದರು, ಮೊಣಕಾಲೂರಿ, ಎಳೆದು, ಗುದ್ದಾಡಿ. ಎಲ್ಲರೂ ನಕ್ಕರು. ಅವನೂ ನಕ್ಕ. ಹುಬ್ಬಳ್ಳಿಯಲ್ಲಿ ಪ್ರಿನ್ಸಿಪಾಲರು ಬೈಯುವಾಗ ಅವನು ನಗುತ್ತಿದ್ದ ನಗು ಅದು, ತುಟಿ ಮಾತ್ರ ನಗುತ್ತಿತ್ತು. ಹದಿಮೂರು ವರ್ಷ ಆ ಆಸ್ಪತ್ರೆಯಲ್ಲಿ ಮುರಿದ ಎಲುಬುಗಳ ನಡುವೆ ದುಡಿದವನಿಗೆ ಕೊನೆಗೆ ಉಳಿದ ಹೆಸರು ಅದು. ಇಟ್ಟವನು ನಾನು.

ಆ ಸಂಜೆಯೇ ಅವನ ಮನೆಗೆ ಹೋದೆ. ಅರ್ಧ ಸಾಮಾನು ರಟ್ಟಿನ ಪೆಟ್ಟಿಗೆಗಳಲ್ಲಿತ್ತು. ಕೂರಲು ಅವನು ಹೇಳಲಿಲ್ಲ, ನಾನೂ ಕೂರಲಿಲ್ಲ. ಕಿಲ್ಟಿನ ಮೇಲೆ ನಿನಗೆ ಸಿಟ್ಟೆಂದು ತಿಳಿದಿದ್ದೆ ಎಂದೆ. ಅವನು ಪೆಟ್ಟಿಗೆಗೆ ಟೇಪು ಹಚ್ಚುತ್ತಲೇ ಇದ್ದ. ಆ ಪೆಟ್ಟಿಗೆ ಮುಗಿಸಿ ಬದಿಗೆ ತಳ್ಳಿ ಮಾತಾಡಿದ.

"ನಿರಿಗಿ ಮುಂದ ಹಾಕಿದ್ದು ಖರೆ. ನಂದ ತಪ್ಪು, ಊರೆಲ್ಲ ನಗಲಿ. ಕಚ್ಚಿ ಹಾಕಿದ್ನೇನು ನಾ?"

ಇಲ್ಲ ಎಂದೆ.

"ಮತ್ತ್ಯಾಕ ಹೇಳಿದಿ?"

ಅವರು ನಗುತ್ತಿದ್ದರು ಎಂದೆ. ತಪ್ಪಾಯಿತು ಎಂದೂ ಹೇಳಿದೆ. ಅವನು ತಲೆಯಾಡಿಸಿದ, ಕ್ಷಮಿಸಿದ ಹಾಗಲ್ಲ, ಕೇಳಿಸಿತು ಎನ್ನುವ ಹಾಗೆ. ಆ ಶನಿವಾರ ಅವರು ಹೊರಟುಹೋದರು. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

ಬ್ಯಾಂಡಿಗೆ ಹೊಸಬನೊಬ್ಬ ಸೇರಿದ ದಿನ ಯಜಮಾನ ಎಂದಿನಂತೆ, ಬಾ, ಇವನಿಗೆ ನಿರಿಗೆಯ ಕಥೆ ಹೇಳು ಎಂದ. ನಾನು ಎದ್ದು ನಿಂತು ಇದ್ದದ್ದು ಇದ್ದಂತೆ ಹೇಳಿದೆ. ಕಚ್ಚೆ ನಾನು ಕಟ್ಟಿದ ಸುಳ್ಳು, ನಮ್ಮಲ್ಲಿ ನಿರಿಗೆ ಮುಂದೆಯೇ ಬರುವುದು, ಅವನು ಒಂದೇ ಸಲ ತಪ್ಪಿದ, ಆಮೇಲೆ ಈ ಹಾಲಿನಲ್ಲಿರುವ ಎಲ್ಲರಿಗಿಂತ ಚೆನ್ನಾಗಿ ಉಡಿಸಲು ಕಲಿತ, ನೀವು ಆ ಮೊದಲ ವರ್ಷವೆಲ್ಲ ನನ್ನ ಬೆನ್ನ ಹಿಂದೆ ಹೊಗಳಿದ ನಿರಿಗೆ ಅವನದು ಎಂದೆ. ಅವನ ಹೆಸರನ್ನೂ ಹೇಳಿದೆ, ಎರಡು ಸಲ. ಆಮೇಲೆ ಯಜಮಾನ ನನ್ನ ಬೆನ್ನು ತಟ್ಟಿ, ಇರಲಿ ಬಿಡು, ಹಳೆಯದೇ ಚೆನ್ನಾಗಿತ್ತು ಎಂದ. ಎಲ್ಲರೂ ಮತ್ತೆ ನಕ್ಕರು. ಏನು ಮಾಡುತ್ತೀರಿ ಈ ಜನಕ್ಕೆ! ಪಕ್ಕದ ಮನೆಯವನು ಮಾತ್ರ ನಗಲಿಲ್ಲ. ಹೊರಗೆ ಬಂದ ಮೇಲೆ, ನಿನ್ನ ಗೆಳೆಯನ ವಿಳಾಸ ಕೊಡು, ಒಂದು ಕಾಗದ ಬರೆಯುತ್ತೇನೆ ಎಂದ.

ಮೊನ್ನೆ ಮೆರವಣಿಗೆಯ ಬೆಳಿಗ್ಗೆ ಹೆಂಡತಿ ಡ್ಯೂಟಿಯಲ್ಲಿದ್ದಳು. ಕಿಲ್ಟ್ ಉಟ್ಟು ಮಗಳನ್ನು ಕರೆದು, ಹಿಂದೆ ನಿರಿಗೆ ಸರಿ ಇದೆಯೇನಮ್ಮ ಎಂದೆ. ಅವಳು ತನ್ನ ಫೋನಿನಿಂದ ಕಣ್ಣು ತೆಗೆಯದೆ, "ಇಟ್ಸ್ ಫೈನ್, ಅಪ್ಪಾ" ಎಂದಳು. ಒಂದು ಫೋಟೊ ಆದರೂ ತೆಗಿ ಎಂದು ಗೋಗರೆದ ಮೇಲೆ ತೆಗೆದಳು. ಎಂಥ ಫೈನು! ನಿರಿಗೆಯೆಲ್ಲ ಒಂದು ಕಡೆಗೆ ವಾಲಿತ್ತು. ಎಷ್ಟು ಸರಿಸಬೇಕು ಎಂಬುದು ನನಗೆ ತಿಳಿಯಲಿಲ್ಲ, ಹೊತ್ತೂ ಇರಲಿಲ್ಲ. ಆ ಫೋಟೊ ಅವನಿಗೆ ಕಳಿಸಿದೆ. ಕೆಳಗೆ, ಕಚ್ಚೆ ಸುಳ್ಳು ಎಂದು ಎಲ್ಲರ ಮುಂದೆ ಹೇಳಿದ್ದೇನೆ ಎಂದು ಬರೆದೆ. ವಾಲಿದ ನಿರಿಗೆಯಲ್ಲೇ ಊರ ನಡುವೆ ನಡೆದು ಡ್ರಮ್ ಬಾರಿಸಿ ಬಂದೆ. ಒಳಗೇನಿದೆ ಎಂದು ಮೂವರು ಕೇಳಿದರು.

ಅವತ್ತು ಉತ್ತರ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಮಧ್ಯಾಹ್ನ, ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಫೋನು ಸದ್ದು ಮಾಡಿತು. ನಮಸ್ಕಾರವಿಲ್ಲ, ಹೆಂಗಿದ್ದೀ ಎಂಬುದಿಲ್ಲ.

"ಎಡಕ್ಕ ಎರಡ್ ಬಟ್ಟ ಸರಸು."

ಮೆರವಣಿಗೆ ಮುಗಿದು ಎರಡು ದಿನವಾಗಿತ್ತು. ನಾನು ಕೈ ಒರೆಸಿಕೊಂಡು ಕೋಣೆಗೆ ಹೋಗಿ, ಬೀರು ತೆಗೆದು, ಕಿಲ್ಟ್ ಉಟ್ಟುಕೊಂಡು, ಎಡಕ್ಕೆ ಎರಡು ಬಟ್ಟು ಸರಿಸಿದೆ. ಆಮೇಲೆ ಮಗಳನ್ನು ಕೂಗಿ, ಇನ್ನೊಂದು ಫೋಟೊ ತೆಗಿ ಎಂದೆ.